ಎರಡು ಲೈನು ಕೂಡಿದರೆ ವೇಗ ಎರಡರಷ್ಟಾಗುತ್ತದೆಯೇ?

ಅಂಧೇರಿಯ ಶಾಖೆಗೂ ಫೋರ್ಟಿನ ಮುಖ್ಯ ಕಚೇರಿಗೂ ನಡುವೆ ಒಂದು ಲೈನು ಸಾಲದಾದಾಗ ಇನ್ನೊಂದನ್ನು ಸೇರಿಸೋಣ ಅನ್ನಿಸುವುದು ಸಹಜ. ಒಂದರಲ್ಲಿ ಸೆಕೆಂಡಿಗೆ 64 ಕಿಲೋಬಿಟ್ ಹೋಗುವುದಾದರೆ ಎರಡರಲ್ಲಿ 128 ಹೋಗಬೇಕು. ತೊಂಬತ್ತರ ದಶಕದ ಕೊನೆಯಿಂದ ಬ್ರಾಡ್‌ಬ್ಯಾಂಡ್ ಊರಿಡೀ ಹಬ್ಬುವ ತನಕ ಮುಂಬೈಯ ಎಷ್ಟೋ ಕಚೇರಿಗಳು ಈ ಲೆಕ್ಕವನ್ನು ನಂಬಿ ಡಯಲ್ ಲೈನುಗಳನ್ನು ಕಟ್ಟು ಕಟ್ಟಿ ಓಡಿಸಿದವು. ಕೆಲವು ಕಡೆ ಲೆಕ್ಕ ಸರಿಹೋಯಿತು. ಕೆಲವು ಕಡೆ ಎರಡು ಲೈನು ಸೇರಿ ಒಂದಕ್ಕಿಂತಲೂ ನಿಧಾನವಾದವು. ಕರೆಯ ಬಿಲ್ಲಂತೂ ತಪ್ಪದೆ ಎರಡೂ ಲೈನಿಗೆ ಬಂತು.

ಆ ಲೈನುಗಳನ್ನು ಕಟ್ಟಿದ ಯಂತ್ರಗಳು ಈಗ ಗುಜರಿ ಸೇರಿವೆ. ಪ್ರಶ್ನೆ ಮಾತ್ರ ಮುಗಿದಿಲ್ಲ. ಎರಡು ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಕಚೇರಿಯೂ, ನಾಲ್ಕಾರು ಸಿಮ್ ಜೋಡಿಸಿ ರಸ್ತೆಯಿಂದ ನೇರಪ್ರಸಾರ ಮಾಡುವ ಟಿವಿ ವಾಹಿನಿಯೂ ಇಂದು ಕೇಳುವುದು ಅದನ್ನೇ. ಹಾಗಾಗಿ ಡಯಲ್ ಲೈನುಗಳ ಕಾಲದಲ್ಲಿ ರೂಟರ್‌ಗಳ ನಡುವಿನ ಕಟ್ಟು ಎಲ್ಲೆಲ್ಲಿ ಕೈಕೊಡುತ್ತಿತ್ತು, ಅದನ್ನು ಹೇಗೆ ಹುಡುಕುತ್ತಿದ್ದರು, ಬೇರೆ ಯಾವ ದಾರಿಗಳಿದ್ದವು ಎಂಬುದನ್ನು ಒಮ್ಮೆ ಒಟ್ಟಾಗಿ ನೋಡುವುದು ಉಪಯುಕ್ತ.

ಮುಂಬೈಯ ತಂತಿ

ಈ ಊರಿನ ಕಂಪ್ಯೂಟರ್ ಜಾಲದ ಕತೆಯಲ್ಲಿ ಡಯಲ್ ಲೈನು ಮೊದಲ ಪುಟದಲ್ಲೇ ಬರುತ್ತದೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಎರ್ನೆಟ್ ಯೋಜನೆ ಆರಂಭಿಸಿತು. ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈ ಜುಹೂವಿನ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಎನ್‌ಸಿಎಸ್‌ಟಿ ಅದರಲ್ಲಿದ್ದವು. ಜುಹೂವಿನ ಈ ಕೇಂದ್ರಕ್ಕೂ ಪೊವಾಯಿಯ ಐಐಟಿಗೂ ನಡುವೆ ಮೊದಲ ಇಮೇಲ್‌ಗಳು ಸಾಗಿದ್ದು ಮಾಮೂಲಿ ಫೋನ್ ಲೈನಿನಲ್ಲಿ ಡಯಲ್ ಮಾಡಿ. ಎನ್‌ಸಿಎಸ್‌ಟಿಯ ನಿರ್ದೇಶಕರಾಗಿದ್ದ ಡಾ. ಶ್ರೀನಿವಾಸನ್ ರಮಣಿ ಅವರ ಹೆಸರು 2014ರಲ್ಲಿ ಇಂಟರ್‌ನೆಟ್ ಹಾಲ್ ಆಫ್ ಫೇಮ್ ಸೇರಿತು.

ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ನಿಗಮದ ಮುಖ್ಯಸ್ಥರಾಗಿದ್ದವರು ಬಿ.ಕೆ. ಸಿಂಗಾಲ್. ಹೊರದೇಶದ ಕೊಂಡಿ ನಿಗಮದ್ದಾದರೆ ಮನೆ, ಕಚೇರಿಗೆ ಬರುವ ತಂತಿ 1986ರ ಏಪ್ರಿಲ್ 1ರಂದು ಹುಟ್ಟಿದ ಎಂಟಿಎನ್‌ಎಲ್‌ನದಾಗಿತ್ತು. ಸಂಪರ್ಕ ಕಡಿದಾಗ ದೂರನ್ನು ಯಾರಿಗೆ ಕೊಡಬೇಕೆಂಬ ಗೊಂದಲ ಅಂದೇ ಹುಟ್ಟಿತು. 198ಕ್ಕೆ ಫೋನು ಮಾಡಿದರೆ ಲೈನ್‌ಮನ್ ಬಂದು, ರಿಸೀವರ್ ಎತ್ತಿ, ಡಯಲ್ ಟೋನ್ ಕೇಳಿ, ಲೈನು ಸರಿಯಿದೆ ಎನ್ನುತ್ತಿದ್ದ. ಮಾತಿಗೆ ಸಾಕಾಗುವ ಲೈನು ಮೋಡೆಮಿಗೆ ಸಾಕಾಗುವುದಿಲ್ಲ ಎಂಬುದನ್ನು ಅವನಿಗೆ ಒಪ್ಪಿಸುವುದೇ ಗ್ರಾಹಕನ ಮೊದಲ ಕೆಲಸವಾಗಿತ್ತು.

ತಾಮ್ರದ ತಂತಿಗೆ ಈ ಊರಿನ ಹವೆಯೂ ಅನುಕೂಲವಲ್ಲ. ಸಮುದ್ರದ ಉಪ್ಪುಗಾಳಿಗೆ, ಕಟ್ಟಡಗಳಿಗೆ ಲೈನು ಹಂಚುವ ಡಿ.ಪಿ. ಪೆಟ್ಟಿಗೆಯ ತಿರುಪುಗಳು ತುಕ್ಕು ಹಿಡಿಯುತ್ತವೆ. ಜೂನ್ ಬಂತೆಂದರೆ ನೆಲದೊಳಗಿನ ಕೇಬಲ್ ಜಾಯಿಂಟುಗಳಿಗೆ ನೀರು ಇಳಿಯುತ್ತದೆ. ಹಳೆಯ ಕಾಗದದ ಹೊದಿಕೆಯ ಕೇಬಲ್ ಒಮ್ಮೆ ನೆನೆದರೆ ಕತೆ ಮುಗಿಯಿತು. ಒಳಗೆ ಜೆಲ್ಲಿ ತುಂಬಿದ ಕೇಬಲ್ ಬಂದ ಮೇಲೆ ಇದು ಕಡಿಮೆಯಾಯಿತಾದರೂ ಜಾಯಿಂಟಿನ ದೌರ್ಬಲ್ಯ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಪನಗರಗಳ ವಿದ್ಯುತ್ತಿನ ಜೊತೆಗೆ ದೂರವಾಣಿಯೂ ನೆಲಕಚ್ಚಿತು. ಒಂದೇ ಡಿ.ಪಿ. ಪೆಟ್ಟಿಗೆಯಿಂದ ಬಂದ ಎರಡು ಲೈನುಗಳು ಒಂದಕ್ಕೊಂದು ಆಸರೆಯಾಗಲಾರವು ಎಂಬುದನ್ನು ಇಂಥ ಮಳೆಗಾಲಗಳು ಮತ್ತೆಮತ್ತೆ ತೋರಿಸಿವೆ.

ಕಟ್ಟು ಕೆಲಸ ಮಾಡುವ ಬಗೆ

ಮೊದಲು ಮೋಡೆಮ್‌ಗಳಿದ್ದವು. ಅವುಗಳ ಗರಿಷ್ಠ ವೇಗ ವಿ.32 ಮಾನಕದಲ್ಲಿ 9.6 ಕಿಲೋಬಿಟ್, 1994ರ ವಿ.34ರಲ್ಲಿ 28.8, ಎರಡು ವರ್ಷದ ಬಳಿಕ 33.6. ನಂತರ ಡಿಜಿಟಲ್ ಫೋನ್ ಲೈನಾದ ಐಎಸ್‌ಡಿಎನ್ ಬಂತು. ಅದರ ಮೂಲ ಲೈನಿನಲ್ಲಿ 64 ಕಿಲೋಬಿಟ್‌ನ ಎರಡು ‘ಬಿ’ ಚಾನೆಲ್ ಮತ್ತು ಕರೆಯ ಸಂಕೇತಗಳಿಗಾಗಿ 16 ಕಿಲೋಬಿಟ್‌ನ ಒಂದು ‘ಡಿ’ ಚಾನೆಲ್ ಇರುತ್ತವೆ. ಮುಖ್ಯ ಕಚೇರಿಯಲ್ಲಿ ಹಾಕಿಸುವ ಪಿಆರ್‌ಐ ಲೈನಿನಲ್ಲಿ ಇಂಥ 30 ‘ಬಿ’ ಚಾನೆಲ್‌ಗಳು. ಊರಿಡೀ ಹರಡಿದ ಶಾಖೆಗಳು ಬೇಕಾದಾಗ ಡಯಲ್ ಮಾಡಿ ಈ ಮೂವತ್ತರಲ್ಲಿ ಒಂದೋ ಎರಡೋ ಚಾನೆಲ್ ಹಿಡಿಯುವುದು ವಾಡಿಕೆಯ ಏರ್ಪಾಡು. ಹೆಚ್ಚಿನ ಕಡೆ ಇದು ಸದಾ ತೆರೆದಿರುವ ಬಾಡಿಗೆಯ ಲೀಸ್ಡ್ ಲೈನು ಬಿದ್ದಾಗ ಎದ್ದು ನಿಲ್ಲಬೇಕಾದ ಮೀಸಲು ದಾರಿ.

ಎರಡು ಚಾನೆಲ್‌ಗಳನ್ನು ಒಂದಾಗಿಸುವ ನಿಯಮಕ್ಕೆ ಮಲ್ಟಿಲಿಂಕ್ ಪಿಪಿಪಿ ಎಂದು ಹೆಸರು. ಬರ್ಕ್ಲಿಯ ಕೀತ್ ಸ್ಕ್ಲೋವರ್ ಮತ್ತು ಸಂಗಡಿಗರು ಬರೆದ ಇದರ ಮೊದಲ ಪಾಠ 1994ರಲ್ಲಿ ಅಂತರ್ಜಾಲದ ನಿಯಮಗಳ ದಾಖಲೆ ಸರಣಿಯಲ್ಲಿ ಆರ್‌ಎಫ್‌ಸಿ 1717 ಎಂದು ಬಂತು. 1996ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1990 ಅದರ ಜಾಗ ತೆಗೆದುಕೊಂಡಿತು. ಕಳಿಸುವ ರೂಟರ್ ಒಂದು ಪ್ಯಾಕೆಟ್ಟನ್ನು ತುಂಡು ಮಾಡುತ್ತದೆ, ಪ್ರತಿ ತುಂಡಿಗೂ ಕ್ರಮಸಂಖ್ಯೆ ಹಾಕುತ್ತದೆ, ಮೊದಲ ತುಂಡಿಗೂ ಕೊನೆಯ ತುಂಡಿಗೂ ಗುರುತು ಇಟ್ಟು ಎರಡೂ ಲೈನುಗಳಿಗೆ ಹಂಚುತ್ತದೆ. ಪಡೆಯುವ ರೂಟರ್ ಸಂಖ್ಯೆ ನೋಡಿ ಮತ್ತೆ ಜೋಡಿಸುತ್ತದೆ.

ತುಂಡು ಮಾಡುವುದಕ್ಕೆ ಕಾರಣವಿದೆ. 1500 ಬೈಟಿನ ಒಂದು ಪ್ಯಾಕೆಟ್ 64 ಕಿಲೋಬಿಟ್ ಲೈನಿನಲ್ಲಿ ಹೊರಹೋಗಲು 187 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಎರಡು ಲೈನಿಗೆ ಅರ್ಧರ್ಧ ಹಂಚಿದರೆ ಸುಮಾರು 94ರಲ್ಲಿ ಮುಗಿಯುತ್ತದೆ. ಎಲ್ಲ ಸರಿಯಿದ್ದರೆ ಎರಡು ಲೈನಿಗೆ ಎರಡರಷ್ಟು ವೇಗ ಎಂಬ ಲೆಕ್ಕ ಹೆಚ್ಚುಕಡಿಮೆ ನಿಜ.

ಕೆಳಗಿನಿಂದ ಮೇಲಕ್ಕೆ ಹುಡುಕುವುದು

ಕಟ್ಟು ಕೆಟ್ಟಾಗ ಹೆಚ್ಚಿನವರು ಮೊದಲು ಕೈಹಾಕುವುದು ಕಟ್ಟಿನ ಸಂರಚನೆಗೆ. ಅನುಭವಿಗಳು ಇದಕ್ಕೆ ತಿರುಗಾಮುರುಗಾ ಹೋಗುತ್ತಾರೆ. ಕಟ್ಟನ್ನು ಬಿಚ್ಚಿ, ಒಂದೊಂದು ಲೈನನ್ನೂ ಒಂಟಿಯಾಗಿ ಓಡಿಸಿ ನೋಡುತ್ತಾರೆ. ಆಮೇಲೆ ತಂತಿ, ಕರೆ, ಪರಸ್ಪರ ಒಪ್ಪಂದ, ಗುರುತು, ಸಂಚಾರ ಎಂಬ ಕ್ರಮದಲ್ಲಿ ಮೇಲೇರುತ್ತಾರೆ. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದನ್ನು ಮುಟ್ಟುವುದಿಲ್ಲ.

ತಂತಿಯ ಹಂತದಲ್ಲಿ ಐಎಸ್‌ಡಿಎನ್ ಮೋಡೆಮ್‌ಗಿಂತ ಪ್ರಾಮಾಣಿಕ. ಎಕ್ಸ್‌ಚೇಂಜಿನ ಜೊತೆ ‘ಡಿ’ ಚಾನೆಲ್ ಮಾತಾಡುತ್ತಿದೆಯೋ ಇಲ್ಲವೋ ಎಂಬುದನ್ನು ರೂಟರ್ ನೇರವಾಗಿ ಹೇಳುತ್ತದೆ. ಸಿಸ್ಕೋ ರೂಟರ್‌ಗೆ ‘ಷೋ ಐಎಸ್‌ಡಿಎನ್ ಸ್ಟೇಟಸ್’ ಎಂದರೆ ಮೊದಲ ಪದರ ಸಕ್ರಿಯ, ಎರಡನೆಯ ಪದರ ಸ್ಥಾಪಿತ ಎಂಬ ಉತ್ತರ ಬರಬೇಕು. ಮೊದಲನೆಯದು ಬಾರದಿದ್ದರೆ ದೋಷ ತಂತಿಯಲ್ಲೋ, ಅದು ಕಚೇರಿಯೊಳಗೆ ಬಂದು ಸೇರುವ ಎನ್‌ಟಿ ಪೆಟ್ಟಿಗೆಯಲ್ಲೋ ಇದೆ. ಎರಡನೆಯದು ಮಾತ್ರ ಬಾರದಿದ್ದರೆ ರೂಟರ್‌ನಲ್ಲಿ ಎಕ್ಸ್‌ಚೇಂಜಿನ ಬಗೆಯನ್ನು ತಪ್ಪಾಗಿ ಬರೆದಿರಬಹುದು. ನಮ್ಮಲ್ಲಿ ಯುರೋಪಿನ ಮಾನಕ ನಡೆಯುತ್ತದೆ. ಅಮೆರಿಕದ ಪುಸ್ತಕ ನೋಡಿ ಸಂರಚನೆ ಬರೆದವರಿಗೆ ಇಲ್ಲಿ ಪೆಟ್ಟು ಬೀಳುತ್ತಿತ್ತು. ಮೋಡೆಮಿನ ವಿಷಯದಲ್ಲಿ ಇಂಥ ಸ್ಪಷ್ಟತೆ ಇಲ್ಲ. ಎರಡೂ ಮೋಡೆಮ್‌ಗಳು ಯಾವ ವೇಗಕ್ಕೆ ಒಪ್ಪಿಕೊಂಡವು, ಕರೆಯ ನಡುವೆ ಎಷ್ಟು ಸಲ ವೇಗ ಇಳಿಸಿಕೊಂಡವು ಎಂಬುದನ್ನು ಬರೆದಿಟ್ಟುಕೊಂಡು ಹೋಲಿಸಬೇಕಿತ್ತು.

ಮುಂದಿನದು ಕರೆ. ಕರೆ ಬಿದ್ದುಹೋದಾಗ ಎಕ್ಸ್‌ಚೇಂಜ್ ಕಾರಣದ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಓದಲು ಬಂದರೆ ಅರ್ಧ ಕೆಲಸ ಆದಂತೆ. 1 ಎಂದರೆ ಅಂಥ ನಂಬರೇ ಇಲ್ಲ. 16 ಎಂದರೆ ಮಾಮೂಲಾಗಿ ಕರೆ ಮುಗಿದಿದೆ. 17 ಎಂದರೆ ಆಚೆ ಬದಿ ಬೇರೆ ಕರೆಯಲ್ಲಿದೆ. 28 ಎಂದರೆ ನಂಬರಿನ ರೂಪ ಸರಿಯಿಲ್ಲ. 34 ಎಂದರೆ ನಡುವೆ ಖಾಲಿ ಚಾನೆಲ್ ಇಲ್ಲ.

ಮುಂಬೈಯಲ್ಲಿ ಈ ಸಂಖ್ಯೆಗಳ ಹಿಂದೆ ಊರಿನದೇ ಕಾರಣಗಳಿದ್ದವು. 2002ರಲ್ಲಿ ಇಲ್ಲಿಯ ಏಳಂಕಿಯ ನಂಬರುಗಳ ಮೊದಲಿಗೆ 2 ಸೇರಿ ಎಂಟಂಕಿಯಾದವು. ಜನ ಹೊಸ ನಂಬರು ಕಲಿತರು. ಮೂಲೆಯಲ್ಲಿದ್ದ ಮೀಸಲು ರೂಟರಿನ ಒಳಗೆ ಬರೆದಿಟ್ಟ ನಂಬರನ್ನು ತಿದ್ದುವುದು ಮರೆತರೆ ಅದು ಬಯಲಾಗುವುದು ಮುಖ್ಯ ಲೈನು ಬಿದ್ದ ದಿನ. ಇನ್ನೊಂದು ತೊಡಕು ಊರಿನ ಗಡಿಯದು. ಠಾಣೆ, ನವಿ ಮುಂಬೈಗಳು ಆಗ ಎಂಟಿಎನ್‌ಎಲ್ ವ್ಯಾಪ್ತಿಯಲ್ಲಿದ್ದವು. ಕನ್ನಡಿಗರು ಬಹಳವಾಗಿ ನೆಲಸಿರುವ ಡೊಂಬಿವಲಿ, ಪಕ್ಕದ ಕಲ್ಯಾಣ್ ಬಿಎಸ್‌ಎನ್‌ಎಲ್‌ನವು. ಅಲ್ಲಿಯ ಕೋಡ್ 0251. ಕೆಲವು ವರ್ಷ ಪಕ್ಕದ ಊರುಗಳಿಗೆ ಸೊನ್ನೆಯ ಬದಲು 95 ಒತ್ತುವ ಪದ್ಧತಿಯಿತ್ತು, ಆಮೇಲೆ ಅದೂ ಹೋಯಿತು. ಡೊಂಬಿವಲಿಯ ಶಾಖೆಯ ಕರೆ ಎರಡು ಸಂಸ್ಥೆಗಳ ಎಕ್ಸ್‌ಚೇಂಜುಗಳನ್ನು ದಾಟಿ ಬರುವುದರಿಂದ ದೋಷ ಯಾರದೆಂದು ತೀರ್ಮಾನಿಸುವುದಕ್ಕೂ ಎರಡು ಕಚೇರಿ ಸುತ್ತಬೇಕಿತ್ತು.

ಮೊದಲ ಕರೆ ಕೂಡಿ, ಎರಡನೆಯದಕ್ಕೆ ಮಾತ್ರ 17 ಬರುತ್ತಿದ್ದರೆ ರೂಟರ್ ಬಿಟ್ಟು ಆಚೆ ಬದಿಯ ಮೇಜಿನ ಕಡೆ ನೋಡಬೇಕು. ಕೆಲವು ಎನ್‌ಟಿ ಪೆಟ್ಟಿಗೆಗಳಲ್ಲಿ ಮಾಮೂಲಿ ಫೋನಿಗೂ ಫ್ಯಾಕ್ಸಿಗೂ ಜಾಗವಿರುತ್ತದೆ. ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರೆ ಒಂದು ‘ಬಿ’ ಚಾನೆಲ್ ಅಲ್ಲಿಗೆ ಹೋಯಿತು.

ಕರೆ ಕೂಡಿದ ಮೇಲೆ ರೂಟರ್‌ಗಳು ಪರಸ್ಪರ ಒಪ್ಪಂದಕ್ಕೆ ಬರುತ್ತವೆ. ಕಟ್ಟು ಬೇಕೆಂದು ಎರಡೂ ಕಡೆಯವು ಕೇಳಿಕೊಳ್ಳಬೇಕು. ಎರಡು ಮೋಡೆಮ್‌ಗಳಿದ್ದು ಒಂದರ ಪೋರ್ಟಿಗೆ ಮಾತ್ರ ಮಲ್ಟಿಲಿಂಕ್ ಆದೇಶ ಬರೆದಿದ್ದರೆ ಇನ್ನೊಂದು ಬೇರೆಯೇ ಸಂಪರ್ಕವಾಗಿ ನಿಲ್ಲುತ್ತದೆ. ಎರಡೂ ದೀಪ ಉರಿಯುತ್ತಿರುತ್ತವೆ, ವೇಗ ಒಂದರದ್ದೇ. ಬಳಿಕ ಚಾಪ್ ವಿಧಾನದಲ್ಲಿ ಹೆಸರು, ಗುಪ್ತಪದಗಳ ಪರೀಕ್ಷೆ. ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವೂ ಇಲ್ಲಿ ತಪ್ಪೇ.

ಗುರುತಿನ ಹಂತದ ದೋಷಗಳು ಎಲ್ಲಕ್ಕಿಂತ ಕಪಟಿಗಳು. ಈ ಎರಡು ಕರೆಗಳೂ ಒಬ್ಬನದೇ ಎಂದು ಮುಖ್ಯ ಕಚೇರಿಯ ರೂಟರ್ ತಿಳಿಯುವುದು ಚಾಪ್ ಹೆಸರಿನಿಂದ ಮತ್ತು ತುದಿಯ ಗುರುತುಸಂಖ್ಯೆಯಿಂದ. ಕೆಲಸ ಬೇಗ ಮುಗಿಸಲು ಎಲ್ಲ ಶಾಖೆಗಳಿಗೂ ಒಂದೇ ಹೆಸರು ಕೊಟ್ಟು, ಹೆಸರನ್ನಷ್ಟೇ ನೋಡಿ ಕಟ್ಟುವಂತೆ ರೂಟರನ್ನು ಬಿಟ್ಟರೆ ಮಾಲಾಡಿನ ಕರೆಯನ್ನೂ ಮುಲುಂಡಿನ ಕರೆಯನ್ನೂ ಅದು ಒಂದೇ ಕಟ್ಟಿಗೆ ಹಾಕುತ್ತದೆ. ಒಬ್ಬರ ಪ್ಯಾಕೆಟಿನ ತುಂಡು ಇನ್ನೊಬ್ಬರಿಗೆ ಹೋಗುತ್ತದೆ. ಒಂದೇ ಶಾಖೆ ಡಯಲ್ ಮಾಡಿದಾಗ ಎಲ್ಲ ಸರಿ. ಇಬ್ಬರು ಒಟ್ಟಿಗೆ ಮಾಡಿದಾಗ ಇಬ್ಬರಿಗೂ ಕೆಡುಕು. ಅಂತರ್ಜಾಲ ಸೇವೆ ಕೊಡುವವರ ಕಡೆ ಇದರ ತಿರುಗು ರೂಪವಿತ್ತು: ಒಬ್ಬನ ಎರಡು ಕರೆಗಳು ಎರಡು ಬೇರೆ ಯಂತ್ರಗಳಿಗೆ ಹೋಗಿ ಇಳಿದರೆ ಕಟ್ಟೇ ಆಗುವುದಿಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕರೆಯನ್ನು ಸುರಂಗದಲ್ಲಿ ದಾಟಿಸುವ ವಿಧಾನಗಳು, 1999ರ ಎಲ್2ಟಿಪಿ ಸೇರಿ, ಈ ತೊಂದರೆಗೂ ಮದ್ದಾದವು.

ಕಟ್ಟು ಬಿಗಿದರೂ ವೇಗ ಬಾರದಾಗ

ಎಲ್ಲ ಹಂತ ದಾಟಿ, ಕಟ್ಟು ನಿಂತು, ಆದರೂ ಕೆಲಸ ತೆವಳುತ್ತಿದ್ದರೆ? ಕಟ್ಟಿನ ನಿಜವಾದ ದೌರ್ಬಲ್ಯ ಕಾಣುವುದು ಇಲ್ಲೇ. ದಾದರಿನಲ್ಲಿ ಒಟ್ಟು ಸೇರಿ ಮುಂದೆ ಹೋಗಬೇಕೆಂದು ಮಾತಾಡಿಕೊಂಡ ಗುಂಪು ಅರ್ಧ ಫಾಸ್ಟ್ ಲೋಕಲ್ಲಿನಲ್ಲಿ, ಅರ್ಧ ಸ್ಲೋ ಲೋಕಲ್ಲಿನಲ್ಲಿ ಬಂದರೆ ಎಲ್ಲರೂ ಹೊರಡುವುದು ಸ್ಲೋ ಗಾಡಿ ಬಂದ ಮೇಲೆಯೇ.

ಒಂದು ಮೋಡೆಮ್ 33.6ಕ್ಕೆ ಕೂಡಿ, ಇನ್ನೊಂದು ಒದ್ದೆ ಜಾಯಿಂಟಿನ ದೆಸೆಯಿಂದ 14.4ಕ್ಕೆ ಇಳಿದಿದೆ ಎನ್ನೋಣ. ರೂಟರ್ ಸಮಸಮ ಹಂಚಿದರೆ ಒಟ್ಟು ವೇಗ 14.4ರ ಎರಡರಷ್ಟು, ಅಂದರೆ 28.8. ಒಳ್ಳೆಯ ಲೈನೊಂದೇ ಇದ್ದಿದ್ದರೆ 33.6 ಸಿಗುತ್ತಿತ್ತು. ಎರಡನೆಯ ಲೈನಿಗೆ ದುಡ್ಡು ಕೊಟ್ಟು ವೇಗ ಕಳೆದುಕೊಂಡಂತಾಯಿತು. ವೇಗಕ್ಕೆ ತಕ್ಕಂತೆ ತುಂಡಿನ ಗಾತ್ರ ಬದಲಿಸುವ ರೂಟರ್‌ಗಳಿದ್ದವು. ಆದರೆ ಮೋಡೆಮ್ ನಿಜವಾಗಿ ಎಷ್ಟು ವೇಗದಲ್ಲಿದೆ ಎಂಬುದು ರೂಟರಿಗೆ ಸದಾ ಗೊತ್ತಿರುವುದಿಲ್ಲ. ಅದಕ್ಕೆ ಕಾಣುವುದು ತನ್ನಿಂದ ಮೋಡೆಮ್‌ವರೆಗಿನ ಕೇಬಲ್ಲಿನ ವೇಗ. ಐಎಸ್‌ಡಿಎನ್‌ನಲ್ಲಿ ಎರಡೂ ಚಾನೆಲ್ ಕರಾರುವಾಕ್ಕಾಗಿ 64 ಇರುವುದರಿಂದ ಈ ರೋಗ ಇರಲಿಲ್ಲ. ಕಟ್ಟು ಹೆಚ್ಚು ಯಶಸ್ವಿಯಾದದ್ದು ಅಲ್ಲಿ ಎಂಬುದಕ್ಕೆ ಇದೇ ಕಾರಣ.

ಇದಕ್ಕಿಂತ ಕೆಟ್ಟದ್ದು ಮೂಕ ಲೈನು. ಸತ್ತ ಲೈನನ್ನು ಕಟ್ಟು ಕೂಡಲೇ ಹೊರಹಾಕುತ್ತದೆ. ಸಾಯದೆ, ಏನನ್ನೂ ಸಾಗಿಸದೆ ನೇತುಬಿದ್ದ ಲೈನು ಎಲ್ಲರನ್ನೂ ಕಾಯಿಸುತ್ತದೆ. ಒಂದು ತುಂಡು ಕಳೆದುಹೋಗಿದೆ ಎಂದು ಪಡೆಯುವ ರೂಟರ್ ತೀರ್ಮಾನಿಸುವುದು ಎಲ್ಲ ಲೈನುಗಳಲ್ಲೂ ಅದಕ್ಕಿಂತ ಮುಂದಿನ ಸಂಖ್ಯೆ ಬಂದ ಮೇಲೆ. ಒಂದು ಲೈನಿನಿಂದ ಏನೂ ಬಾರದಿದ್ದರೆ ತೀರ್ಮಾನವೇ ಆಗದು. ಕಾಯುವ ಅವಧಿ ಮುಗಿಯುವ ತನಕ ಬಂದ ತುಂಡುಗಳು ನೆನಪಿನಲ್ಲಿ ಕೊಳೆಯುತ್ತವೆ. ಒಂದು ತುಂಡು ಹೋದರೆ ಇಡೀ ಪ್ಯಾಕೆಟ್ ಹೋದಂತೆ. ಆದ್ದರಿಂದ ಪ್ರತಿ ಲೈನಿನಲ್ಲೂ ಆಗಾಗ ಎಕೋ ಕಳಿಸಿ ಜೀವವಿದೆಯೇ ಎಂದು ಕೇಳುವ ಏರ್ಪಾಟು ಐಚ್ಛಿಕವಲ್ಲ, ಅಗತ್ಯ. ಕಟ್ಟಿನ ಅಂಕಿಅಂಶದಲ್ಲಿ ಕಳೆದ ತುಂಡುಗಳ ಲೆಕ್ಕ ಏರುತ್ತಿದ್ದರೆ ಕಟ್ಟನ್ನು ದೂರಬಾರದು. ಯಾವ ಲೈನಿನಲ್ಲಿ ಸಿಆರ್‌ಸಿ ತಪ್ಪುಗಳು, ಅಂದರೆ ದಾರಿಯಲ್ಲಿ ಕೆಟ್ಟುಬಂದ ತುಂಡುಗಳು, ಏರುತ್ತಿವೆ ಎಂದು ನೋಡಬೇಕು.

ಬಿಲ್ಲಿನ ಕಡೆಯಿಂದ

ಕಟ್ಟು ಸರಿಯಾಗಿ ನಡೆಯುತ್ತಿದ್ದರೂ ಲೆಕ್ಕವಿಭಾಗದವರು ತಕರಾರು ತೆಗೆಯುವುದುಂಟು. ಪ್ರತಿ ‘ಬಿ’ ಚಾನೆಲ್ ಒಂದು ಪ್ರತ್ಯೇಕ ಕರೆ, ಪ್ರತ್ಯೇಕ ಮೀಟರ್. ಎರಡನೆಯ ಲೈನು ಎಷ್ಟು ಹೊರೆ ಬಂದಾಗ ಏಳಬೇಕು, ಎಷ್ಟು ಹೊತ್ತು ಸುಮ್ಮನಿದ್ದರೆ ಬೀಳಬೇಕು ಎಂಬುದನ್ನು ರೂಟರಿಗೆ ಹೇಳಬೇಕು. ಹೊರೆಯ ಮಿತಿ ತೀರಾ ಕೆಳಗಿದ್ದರೆ ಎರಡನೆಯ ಲೈನು ದಿನವಿಡೀ ಏಳುತ್ತ ಬೀಳುತ್ತ ಪ್ರತಿ ಸಲವೂ ಒಂದು ಪಲ್ಸ್ ಹಣ ತಿನ್ನುತ್ತದೆ. ತೀರಾ ಮೇಲಿದ್ದರೆ ಫೈಲು ಹೋಗಿ ಮುಗಿಯುವ ಹೊತ್ತಿಗೆ ಅದು ಎದ್ದು ಬರುತ್ತದೆ, ಏಕೆಂದರೆ ರೂಟರ್ ಹೊರೆಯನ್ನು ಆ ಕ್ಷಣಕ್ಕೆ ನೋಡದೆ ಸರಾಸರಿ ಲೆಕ್ಕದಲ್ಲಿ ನೋಡುತ್ತದೆ.

ಯಾರೂ ಕೆಲಸ ಮಾಡದ ರಾತ್ರಿಯಲ್ಲೂ ಲೈನು ಬೀಳದಿದ್ದರೆ ಕಾರಣ ಹೆಚ್ಚಾಗಿ ಯಂತ್ರಗಳ ಹರಟೆ. ಸಿಸ್ಕೋ ರೂಟರ್ 120 ಸೆಕೆಂಡ್ ಮೌನವಿದ್ದರೆ ಕರೆ ಮುಗಿಸುವುದು ವಾಡಿಕೆ. ರೂಟರ್‌ಗಳು ದಾರಿ ತಿಳಿಯಲು ಬಳಸುವ ರಿಪ್ ವಿಧಾನ 30 ಸೆಕೆಂಡಿಗೊಮ್ಮೆ ದಾರಿಗಳ ಪಟ್ಟಿ ಸಾರುತ್ತದೆ, ಅದೇ ಕೆಲಸದ ಒಎಸ್‌ಪಿಎಫ್ ಮಾಮೂಲಿಗೆ 10 ಸೆಕೆಂಡಿಗೊಮ್ಮೆ ಹಲೋ ಎನ್ನುತ್ತದೆ, ವಿಂಡೋಸ್ ಯಂತ್ರಗಳು ತಮ್ಮ ಹೆಸರು ಕೂಗುತ್ತಲೇ ಇರುತ್ತವೆ. ಇವನ್ನು ಲೈನು ಎಬ್ಬಿಸಲು ಅರ್ಹವಲ್ಲದ ಸಂಚಾರವೆಂದು ಪಟ್ಟಿಮಾಡಿ ಹೇಳದಿದ್ದರೆ ಆ 120 ಸೆಕೆಂಡಿನ ಮೌನ ಎಂದೂ ಬರುವುದಿಲ್ಲ. ದೋಷ ಹುಡುಕುವವನು ಕೇಳಬೇಕಾದ ಮೊದಲ ಪ್ರಶ್ನೆ: ಈ ಕರೆಯನ್ನು ಎಬ್ಬಿಸಿದ ಪ್ಯಾಕೆಟ್ ಯಾವುದು? ಡಯಲರ್‌ನ ದಾಖಲೆಯಲ್ಲಿ ಅದರ ಉತ್ತರ ಇರುತ್ತದೆ.

ಬೇರೆ ದಾರಿಗಳು

ಕಟ್ಟು ಹಾಕದೆಯೂ ಎರಡು ಲೈನು ಬಳಸಬಹುದು. ಪ್ಯಾಕೆಟ್ಟುಗಳನ್ನು ತುಂಡು ಮಾಡದೆ ಒಂದು ಇಲ್ಲಿ, ಒಂದು ಅಲ್ಲಿ ಎಂದು ಹಂಚುವುದು ಒಂದು ವಿಧಾನ. ಇದರಲ್ಲಿ ಕ್ರಮ ತಪ್ಪುತ್ತದೆ. ಟಿಸಿಪಿ ಅದನ್ನು ನಷ್ಟವೆಂದು ತಪ್ಪು ತಿಳಿದು ಮತ್ತೆ ಕಳಿಸುತ್ತದೆ, ವೇಗ ತಗ್ಗಿಸುತ್ತದೆ. ಒಂದೊಂದು ಸಂವಾದವನ್ನು ಇಡಿಯಾಗಿ ಒಂದೊಂದು ಲೈನಿಗೆ ಕಟ್ಟಿಹಾಕುವುದು ಇನ್ನೊಂದು. ಇದು ಸುಭದ್ರ. ಒಂದು ಲೈನಿನ ಕಾಯಿಲೆ ಇನ್ನೊಂದಕ್ಕೆ ಅಂಟುವುದಿಲ್ಲ. ಆದರೆ ಒಂದೇ ದೊಡ್ಡ ಫೈಲಿಗೆ ಎರಡು ಲೈನಿನ ವೇಗ ಸಿಗುವುದಿಲ್ಲ. ಹತ್ತಾರು ಜನ ಚಿಕ್ಕಚಿಕ್ಕ ವ್ಯವಹಾರ ಮಾಡುವ ಬ್ಯಾಂಕಿನ ಕೌಂಟರಿಗೆ ಈ ವಿಧಾನ ಸಾಕು. ರಾತ್ರಿ ಇಡೀ ದಿನದ ಲೆಕ್ಕ ಕಳಿಸುವ ಕಚೇರಿಗೆ ಕಟ್ಟೇ ಲಾಭ.

ನೆಲದ ತಂತಿಯನ್ನೇ ಬಿಟ್ಟವರೂ ಇದ್ದರು. 1994ರಲ್ಲಿ ಮುಂಬೈಯಲ್ಲಿ ವಹಿವಾಟು ಆರಂಭಿಸಿದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ದಲ್ಲಾಳಿಗಳನ್ನು ಮುಟ್ಟಲು ಉಪಗ್ರಹದ ವಿಸ್ಯಾಟ್ ಆರಿಸಿತು. ಅದಕ್ಕೆ ಬೇಕಾದ ಬಂಡವಾಳ ಸಣ್ಣ ಸಂಸ್ಥೆಗಳ ಕೈಗೆ ಎಟುಕುವಂಥದಲ್ಲ. ಅವಕ್ಕೆ ನಿಜವಾದ ಬಿಡುಗಡೆ ಸಿಕ್ಕಿದ್ದು 2004ರ ಬ್ರಾಡ್‌ಬ್ಯಾಂಡ್ ನೀತಿಯ ಬಳಿಕ. ಆ ನೀತಿ ಬ್ರಾಡ್‌ಬ್ಯಾಂಡ್ ಎನ್ನಲು ಇಟ್ಟ ಕನಿಷ್ಠ ಮಿತಿ 256 ಕಿಲೋಬಿಟ್, ಅಂದರೆ ಎರಡು ಚಾನೆಲ್ಲಿನ ಕಟ್ಟಿನ ಎರಡರಷ್ಟು. 2005ರಲ್ಲಿ ಎಂಟಿಎನ್‌ಎಲ್ ಟ್ರೈಬ್ಯಾಂಡ್ ಎಂಬ ಹೆಸರಿನಲ್ಲಿ ಅದನ್ನು ಅದೇ ಹಳೆಯ ತಾಮ್ರದ ಜೋಡಿಯ ಮೇಲೆ ತಂದಾಗ ಡಯಲ್ ಲೈನು ಕಟ್ಟುವುದಕ್ಕೆ ಕಾರಣವೇ ಉಳಿಯಲಿಲ್ಲ.

ಉಳಿದ ಪಾಠ

ಹೊರಗೆ ಐಎಸ್‌ಡಿಎನ್ ಒಂದೊಂದೇ ದೇಶದಲ್ಲಿ ಕಣ್ಮುಚ್ಚುತ್ತಿದೆ. ಜಪಾನಿನ ಎನ್‌ಟಿಟಿ ಅದರ ಡಿಜಿಟಲ್ ದತ್ತಾಂಶ ಸೇವೆಯನ್ನು 2024ರ ಜನವರಿಯಲ್ಲಿ ನಿಲ್ಲಿಸಿತು. ಕಟ್ಟುವ ಕಲೆ ಮಾತ್ರ ಬೇರೆ ವೇಷದಲ್ಲಿ ಮುಂದುವರಿದಿದೆ. ದತ್ತಾಂಶ ಕೇಂದ್ರಗಳಲ್ಲಿ ಸ್ವಿಚ್ಚುಗಳ ನಡುವಿನ ಕೇಬಲ್‌ಗಳನ್ನು 2000ದಲ್ಲಿ ಬಂದ 802.3ಎಡಿ ಮಾನಕದಂತೆ ಕಟ್ಟುತ್ತಾರೆ. ಅದು ತುಂಡು ಮಾಡುವ ದಾರಿ ಹಿಡಿಯದೆ ಸಂವಾದಕ್ಕೊಂದು ಲೈನು ಎಂಬ ದಾರಿ ಹಿಡಿಯಿತು. 2013ರ ಮಲ್ಟಿಪಾತ್ ಟಿಸಿಪಿ ವೈಫೈಯನ್ನೂ ಮೊಬೈಲ್ ಜಾಲವನ್ನೂ ಒಟ್ಟಿಗೆ ಬಳಸಲು ಹೊರಟಿತು. ಶಾಖಾ ಕಚೇರಿಗಳಲ್ಲಿ ಈಗ ಎಸ್‌ಡಿ-ವ್ಯಾನ್ ಪೆಟ್ಟಿಗೆಗಳು ಪ್ರತಿ ಲೈನಿನ ವಿಳಂಬ, ನಷ್ಟಗಳನ್ನು ಬಿಡದೆ ಅಳೆದು ಕಾಯಿಲೆಯ ಲೈನನ್ನು ತಾವೇ ಬದಿಗಿಡುತ್ತವೆ. ಮಲ್ಟಿಲಿಂಕ್ ಕಾಲದಲ್ಲಿ ಮನುಷ್ಯ ಕೂತು ಮಾಡುತ್ತಿದ್ದ ಕೆಲಸ ಅದು.

ಆರಂಭದ ಪ್ರಶ್ನೆಗೆ ಉತ್ತರ ಹೀಗೆ: ಎರಡು ಲೈನುಗಳು ಸಮಾನವಾಗಿದ್ದರೆ, ಶುದ್ಧವಾಗಿದ್ದರೆ, ಎರಡೂ ತುದಿಯ ರೂಟರ್‌ಗಳು ಒಂದನ್ನೊಂದು ಸರಿಯಾಗಿ ಗುರುತಿಸಿದರೆ ವೇಗ ಎರಡರಷ್ಟಾಗುತ್ತದೆ. ಇದರಲ್ಲಿ ಒಂದು ತಪ್ಪಿದರೂ ಕಟ್ಟು ಲಾಭಕ್ಕಿಂತ ತೊಂದರೆಯನ್ನೇ ಹೆಚ್ಚು ತರುತ್ತದೆ, ಅದಕ್ಕಿಂತ ಮುಖ್ಯವಾಗಿ ತೊಂದರೆ ಎಲ್ಲಿದೆ ಎಂಬುದನ್ನು ಮುಚ್ಚುತ್ತದೆ. ವೇಗ ಕಮ್ಮಿಯಾಗಿದೆ ಎಂದಷ್ಟೇ ಅದು ಹೇಳುತ್ತದೆ, ಯಾರಿಂದ ಎಂದು ಹೇಳುವುದಿಲ್ಲ. ನಿಮ್ಮ ಕಚೇರಿಗೋ ಮನೆಗೋ ಎರಡನೆಯ ಸಂಪರ್ಕ ಹಾಕಿಸುವವರಿದ್ದರೆ ಕಟ್ಟು ಹಾಕುವ ಮೊದಲು ಪ್ರತಿ ಲೈನನ್ನೂ ಒಂಟಿಯಾಗಿ ಒಂದು ವಾರ ಓಡಿಸಿ, ಅದರ ವೇಗ, ವಿಳಂಬ, ನಷ್ಟ ಬರೆದಿಟ್ಟುಕೊಳ್ಳಿ. ಎರಡೂ ಕೇಬಲ್ ಕಟ್ಟಡದೊಳಗೆ ಒಂದೇ ಕೊಳವೆಯಿಂದ ಬರುತ್ತಿವೆಯೇ ಎಂದು ಕೇಳಿ. ಮೀಸಲು ಲೈನನ್ನು ತಿಂಗಳಿಗೊಮ್ಮೆ ಬೇಕೆಂದೇ ಎಬ್ಬಿಸಿ ನೋಡಿ. ಮುಂದೆ ಎಂದಾದರೂ ಕಟ್ಟು ಕೈಕೊಟ್ಟಾಗ ಆ ಹಳೆಯ ಅಂಕಿಗಳ ಹಾಳೆಯೇ ಮೊದಲ ಸಾಕ್ಷಿ.